ಬಾಟಲಿಯಲ್ಲಿ ಎಣ್ಣೆ ಗಟ್ಟಿ, ಕಣದಲ್ಲಿ ಕಾಫಿ ಹಸಿ: ಬಿಸಿಗೂ ವಸ್ತುವಿಗೂ ಏನು ನಂಟು?

ಡಿಸೆಂಬರ್ ಬಂತೆಂದರೆ ಚಿಕ್ಕಮಗಳೂರಿನ ಮನೆಗಳಲ್ಲಿ ಬೆಳಿಗ್ಗೆ ಬೆಳಿಗ್ಗೆ ಒಂದು ಸಣ್ಣ ಗುದ್ದಾಟ ಶುರುವಾಗುತ್ತದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಬೇಕು. ಬಾಟಲಿ ಬೋರಲು ಹಾಕಿದರೂ ಒಂದು ತೊಟ್ಟು ಬೀಳುವುದಿಲ್ಲ. ಕೆಲವರು ಕಡ್ಡಿ ಹಾಕಿ ಕೆದಕುತ್ತಾರೆ. ನಮ್ಮಮ್ಮ ಮಾತ್ರ ತಲೆ ಕೆಡಿಸಿಕೊಳ್ಳದೆ ಬಾಟಲಿಯನ್ನು ಬಚ್ಚಲ ಒಲೆಯ ಕಟ್ಟೆ ಮೇಲೆ ಇಟ್ಟು ಹೋಗುತ್ತಾರೆ. ಹಂಡೆಯ ನೀರು ಕಾಯುವಷ್ಟರಲ್ಲಿ ಎಣ್ಣೆಯೂ ಕರಗಿರುತ್ತದೆ.

ಈ ಸಲ ಅದರ ಜೊತೆ ವಾಟ್ಸಾಪ್ ಗಲಾಟೆಯೂ ಸೇರಿಕೊಂಡಿತು. ನಮ್ಮ ಬೀದಿಯ ಗುಂಪಿನಲ್ಲಿ ಒಬ್ಬರು, "ಎಣ್ಣೆ ಗಟ್ಟಿಯಾದರೆ ಮೇಣ ಬೆರೆಸಿದ್ದಾರೆ ಎಂದರ್ಥ" ಅಂತ ಹಾಕಿದರು. ಹತ್ತು ನಿಮಿಷಕ್ಕೆ ಇನ್ನೊಬ್ಬರು, "ಗಟ್ಟಿಯಾಗದಿದ್ದರೆ ಕಲಬೆರಕೆ" ಅಂತ ಹಾಕಿದರು. ಎರಡಕ್ಕೂ ಜನ ಹೆಬ್ಬೆರಳು ಒತ್ತಿದ್ದೇ ಒತ್ತಿದ್ದು. ಅದೇ ವಾರ ಪರಿಚಯದ ಕಾಫಿ ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರ್ ಒಬ್ಬರು ಸಿಕ್ಕಾಗ ಅವರದು ಬೇರೆಯೇ ಗೋಳು. "ಬಿಸಿಲು ಚೆನ್ನಾಗೇ ಇದೆ ಸಾರ್, ಕಾಫಿ ಮಾತ್ರ ಒಣಗ್ತಾನೇ ಇಲ್ಲ."

ಒಂದು ಅಡುಗೆಮನೆಯ ವಿಷಯ, ಇನ್ನೊಂದು ಕಾಫಿ ಒಣಗಿಸುವ ಕಣದ ವಿಷಯ. ಆದರೆ ಎರಡರ ಹಿಂದೆಯೂ ಇರುವುದು ಒಂದೇ ವಿಜ್ಞಾನ. ಬಿಸಿ ಹೆಚ್ಚು ಕಡಿಮೆಯಾದರೆ ಘನ ದ್ರವವಾಗುತ್ತದೆ, ದ್ರವ ಅನಿಲವಾಗುತ್ತದೆ ಎಂದು ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ಯಾಕೆ, ಹೇಗೆ ಎನ್ನುವುದು ಮಾತ್ರ ಪರೀಕ್ಷೆ ಮುಗಿದ ಮಾರನೇ ದಿನವೇ ಮರೆತುಹೋಗಿದೆ, ಅಲ್ವಾ?

## ಮದುವೆ ಮನೆಯ ಊಟದ ಹಾಲ್

ಯಾವ ವಸ್ತುವನ್ನೇ ತೆಗೆದುಕೊಳ್ಳಿ, ಅದು ಕಣ್ಣಿಗೆ ಕಾಣದಷ್ಟು ಚಿಕ್ಕ ಕಣಗಳಿಂದ ಆಗಿದೆ. ನೀರಾದರೆ ನೀರಿನ ಅಣುಗಳು, ಎಣ್ಣೆಯಾದರೆ ಎಣ್ಣೆಯ ಅಣುಗಳು. ಈ ಅಣುಗಳಿಗೆ ಎರಡು ಗುಣ. ಒಂದು, ಒಂದನ್ನೊಂದು ಎಳೆದುಕೊಳ್ಳುತ್ತವೆ. ಇನ್ನೊಂದು, ಸುಮ್ನೆ ಇರುವುದಿಲ್ಲ, ಸದಾ ಅಲುಗುತ್ತಿರುತ್ತವೆ. ಎಳೆತ ಗೆಲ್ಲುತ್ತದೋ ಅಲುಗಾಟ ಗೆಲ್ಲುತ್ತದೋ ಎನ್ನುವುದರ ಮೇಲೆ ವಸ್ತುವಿನ ಸ್ಥಿತಿ ನಿಂತಿದೆ.

ಮದುವೆ ಮನೆಯ ಊಟದ ಹಾಲ್ ನೆನಪಿಸಿಕೊಳ್ಳಿ. ಪಂಕ್ತಿಯಲ್ಲಿ ಕುಳಿತವರು ಕೈ ಆಡಿಸುತ್ತಾರೆ, ಪಕ್ಕದವರ ಕಡೆ ತಿರುಗಿ ಮಾತಾಡುತ್ತಾರೆ, ಎಲೆ ಬಿಟ್ಟು ಮಾತ್ರ ಏಳುವುದಿಲ್ಲ. ಇದು ಘನ. ಬಾಗಿಲ ಬಳಿ ಮುಂದಿನ ಪಂಕ್ತಿಗೆ ಕಾಯುವ ಗುಂಪಿದೆಯಲ್ಲ, ಅವರು ಒಬ್ಬರನ್ನೊಬ್ಬರು ತಳ್ಳುತ್ತಾ ನುಸುಳುತ್ತಾ ಜಾಗ ಬದಲಿಸುತ್ತಿರುತ್ತಾರೆ. ಆದರೂ ಗುಂಪು ಬಿಟ್ಟು ಹೋಗುವುದಿಲ್ಲ. ಇದು ದ್ರವ. ಊಟ ಮುಗಿಸಿ ತಾಂಬೂಲ ತೆಗೆದುಕೊಂಡವರು ದಿಕ್ಕಿಗೊಬ್ಬರಂತೆ ಹೊರಡುತ್ತಾರೆ. ಇದು ಅನಿಲ. ಜನ ಅದೇ ಜನ, ಒಬ್ಬರಿಗೊಬ್ಬರ ನಂಟು ಮಾತ್ರ ಬದಲಾಯಿತು. ಮಂಜುಗಡ್ಡೆ, ನೀರು, ಆವಿ ಮೂರರಲ್ಲೂ ಇರುವುದು ಅದೇ ನೀರಿನ ಅಣು.

ಹೋಲಿಕೆಗೆ ಒಂದು ಮಿತಿ ಇದೆ. ಮನುಷ್ಯರು ಸುಸ್ತಾಗುತ್ತಾರೆ, ಅಣುಗಳಿಗೆ ಸುಸ್ತಿಲ್ಲ. ಕಲ್ಲಿನೊಳಗಿನ ಕಣಗಳೂ ಈ ಕ್ಷಣ ಅಲುಗುತ್ತಲೇ ಇವೆ.

## ಶಾಖ ಬೇರೆ, ತಾಪಮಾನ ಬೇರೆ

ಮಾತಿನಲ್ಲಿ ನಾವು ಎರಡನ್ನೂ 'ಬಿಸಿ' ಎಂದುಬಿಡುತ್ತೇವೆ. ಇಲ್ಲೇ ಎಡವುವುದು. ತಾಪಮಾನ ಎಂದರೆ ಕಣಗಳು ಸರಾಸರಿ ಎಷ್ಟು ಜೋರಾಗಿ ಅಲುಗುತ್ತಿವೆ ಎನ್ನುವುದರ ಅಳತೆ. ಥರ್ಮಾಮೀಟರ್ ತೋರಿಸುವುದು ಇದನ್ನೇ. ಶಾಖ ಎಂದರೆ ಹೆಚ್ಚು ಬಿಸಿ ಇರುವ ಕಡೆಯಿಂದ ಕಡಿಮೆ ಬಿಸಿ ಇರುವ ಕಡೆಗೆ ಹರಿದುಹೋಗುವ ಶಕ್ತಿ. ಒಂದು ಲೋಟ ಕುದಿಯುವ ನೀರಿಗೂ ಒಂದು ಹಂಡೆ ಕುದಿಯುವ ನೀರಿಗೂ ತಾಪಮಾನ ಒಂದೇ. ಆದರೆ ಹಂಡೆ ಕಾಯಿಸಲು ಎಷ್ಟು ಸೌದೆ ಬೇಕು ಎಂದು ಒಲೆ ಉರಿಸಿದವರಿಗೆ ಗೊತ್ತು.

ಅಳತೆ ಮಾಡಲು ನಾವು ಬಳಸುವ ಡಿಗ್ರಿ ಸೆಲ್ಸಿಯಸ್‌ನದೂ ಒಂದು ತಮಾಷೆ ಇದೆ. ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ಇದನ್ನು ಮಾಡಿದಾಗ ನೀರು ಕುದಿಯುವುದಕ್ಕೆ 0 ಎಂದೂ ಹೆಪ್ಪುಗಟ್ಟುವುದಕ್ಕೆ 100 ಎಂದೂ ಇಟ್ಟಿದ್ದ. ಆತ ತೀರಿಕೊಂಡ ಮೇಲೆ ಅದನ್ನು ತಿರುವಿಹಾಕಿದರು. ಇಲ್ಲದಿದ್ದರೆ ನಮ್ಮ ಚಳಿಗಾಲದ ಬೆಳಿಗ್ಗೆ 85 ಡಿಗ್ರಿ ಇರುತ್ತಿತ್ತು!

## ಒಲೆ ಉರಿಯುತ್ತಿದ್ದರೂ ತಾಪಮಾನ ಏರದ ಹೊತ್ತು

ಇಡೀ ವಿಷಯದ ತಿರುಳು ಇಲ್ಲಿದೆ. ಸಾಧ್ಯವಾದರೆ ಮನೆಯಲ್ಲೇ ಮಾಡಿ ನೋಡಿ. ಅಡುಗೆಗೆ ಬಳಸುವ ಥರ್ಮಾಮೀಟರ್ ಒಂದಿದ್ದರೆ ಸಾಕು.

ನಾನು ಹೀಗೆ ಮಾಡಿದೆ. ಫ್ರೀಜರ್‌ನ ಐಸ್ ತುಂಡುಗಳನ್ನು ಪುಡಿಮಾಡಿ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿಟ್ಟು ಕೈಯಾಡಿಸುತ್ತಾ ನಿಂತೆ. ತಾಪಮಾನ ಸೊನ್ನೆಗಿಂತ ಕೆಳಗಿನಿಂದ ಏರುತ್ತಾ ಬಂದು ಸೊನ್ನೆಯ ಹತ್ತಿರ ನಿಂತಿತು. ನಿಂತದ್ದು ನಿಂತೇ ಬಿಟ್ಟಿತು. ಕೆಳಗೆ ಗ್ಯಾಸ್ ಉರಿಯುತ್ತಿದೆ, ಐಸ್ ಕರಗುತ್ತಿದೆ, ಅಂಕಿ ಮಾತ್ರ ಅಲ್ಲಾಡುವುದಿಲ್ಲ. ಕೊನೆಯ ಚೂರು ಕರಗಿದ ಮೇಲೆ ಮತ್ತೆ ಏರಲು ಶುರು. ನೀರು ಕುದಿಯಲು ಹತ್ತಿದ ಮೇಲೆ ಮತ್ತೆ ಅದೇ ಕಥೆ. ಉರಿ ದೊಡ್ಡದು ಮಾಡಿದರೆ ನೀರು ಜೋರಾಗಿ ಕೊತಕೊತ ಎನ್ನುತ್ತದೆ, ಅಂಕಿ ಏರುವುದಿಲ್ಲ.

ಹಾಗಾದರೆ ಅಷ್ಟು ಹೊತ್ತು ಕೊಟ್ಟ ಶಾಖ ಎಲ್ಲಿ ಹೋಯಿತು? ಕಣಗಳನ್ನು ಇನ್ನೂ ಜೋರಾಗಿ ಅಲುಗಿಸಲು ಹೋಗಲಿಲ್ಲ. ಅವುಗಳ ನಡುವಿನ ಹಿಡಿತ ಬಿಡಿಸಲು ಹೋಯಿತು. ಪಂಕ್ತಿಯಿಂದ ಜನರನ್ನು ಎಬ್ಬಿಸುವ ಕೆಲಸಕ್ಕೆ ಖರ್ಚಾಯಿತು ಎನ್ನಿ. ಥರ್ಮಾಮೀಟರ್ ಕಣ್ಣಿಗೆ ಬೀಳದೆ ಅಡಗಿಕೊಂಡ ಈ ಶಾಖವನ್ನು ಗುಪ್ತೋಷ್ಣ ಎನ್ನುತ್ತಾರೆ. 1760ರ ದಶಕದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಇದನ್ನು ಗುರುತಿಸಿ ಪಾಠ ಹೇಳುತ್ತಿದ್ದ. ಅಲ್ಲಿಯವರೆಗೆ, ಸೊನ್ನೆ ಡಿಗ್ರಿಗೆ ಬಂದ ಹಿಮಕ್ಕೆ ಇನ್ನೊಂಚೂರು ಬಿಸಿ ತಾಗಿದರೆ ಅದು ಒಮ್ಮೆಗೇ ನೀರಾಗುತ್ತದೆ ಎಂಬ ನಂಬಿಕೆ ಇತ್ತು. ಅದು ನಿಜವಾಗಿದ್ದರೆ ಹಿಮಾಲಯದ ನದಿಗಳಿಗೆ ಪ್ರತಿ ಬೇಸಿಗೆಯಲ್ಲೂ ಪ್ರಳಯ ಬರಬೇಕಿತ್ತು.

ಲೆಕ್ಕ ನೋಡಿದರೆ ದಂಗಾಗುತ್ತೀರಿ. 1 ಗ್ರಾಂ ನೀರಿನ ತಾಪಮಾನ 1 ಡಿಗ್ರಿ ಏರಿಸಲು ಬೇಕಾದ ಶಾಖವೇ 1 ಕ್ಯಾಲರಿ. 1 ಗ್ರಾಂ ಮಂಜುಗಡ್ಡೆ ಬರೀ ಕರಗಲು 80 ಕ್ಯಾಲರಿ ಬೇಕು. 1 ಗ್ರಾಂ ಕುದಿಯುವ ನೀರು ಆವಿಯಾಗಲು 540 ಕ್ಯಾಲರಿ ಬೇಕು. ಅಂದರೆ 20 ಡಿಗ್ರಿಯ ನೀರು ಕುದಿಗೆ ಬರಲು ನಿಮ್ಮ ಒಲೆಯಲ್ಲಿ 5 ನಿಮಿಷ ಹಿಡಿದರೆ, ಅದೇ ಉರಿಯಲ್ಲಿ ಅಷ್ಟೂ ನೀರು ಆರಿಹೋಗಲು ಅರ್ಧ ಗಂಟೆಗಿಂತ ಜಾಸ್ತಿ ಬೇಕು. ಸ್ಟೌ ಮೇಲೆ ನೀರು ಇಟ್ಟು ಸ್ವಲ್ಪ ಹೊತ್ತು ಮರೆತವರು ಬಚಾವಾಗುವುದು ಅದಕ್ಕೇ.

80 ಮತ್ತು 540. ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತವೆ.

## ಹಾಗಾದರೆ ಎಣ್ಣೆಗೆ ಏನಾಯಿತು?

ಪ್ರತಿ ವಸ್ತುವಿಗೂ ಕರಗುವ ತಾಪಮಾನ ಬೇರೆ. ಕಬ್ಬಿಣಕ್ಕೆ 1,538 ಡಿಗ್ರಿ, ಬಂಗಾರಕ್ಕೆ 1,064. ಪಾದರಸ −39ರಲ್ಲೇ ಕರಗಿಬಿಡುವುದರಿಂದ ನಾವು ಅದನ್ನು ಯಾವಾಗಲೂ ದ್ರವವಾಗಿಯೇ ನೋಡುತ್ತೇವೆ. ಕೊಬ್ಬರಿ ಎಣ್ಣೆಯದು ಸುಮಾರು 24 ಡಿಗ್ರಿ. ಮಂಗಳೂರಿನಲ್ಲಿ ಅಷ್ಟು ಚಳಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಚಿಕ್ಕಮಗಳೂರಿನ ಡಿಸೆಂಬರ್ ಬೆಳಿಗ್ಗೆ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಹಾಗಾಗಿ ಒಂದೇ ಗಾಣದ ಎಣ್ಣೆ ಅಲ್ಲಿ ನೀರು, ಇಲ್ಲಿ ಬೆಣ್ಣೆ. ಇದರಲ್ಲಿ ಮೇಣದ ಮಾತೇ ಇಲ್ಲ.

ಸೂರ್ಯಕಾಂತಿ ಎಣ್ಣೆ ಅದೇ ಅಡುಗೆಮನೆಯಲ್ಲಿದ್ದರೂ ಯಾಕೆ ಗಟ್ಟಿಯಾಗುವುದಿಲ್ಲ? ಕಾರಣ ಅಣುಗಳ ಆಕಾರದಲ್ಲಿದೆ. ಕೊಬ್ಬರಿ ಎಣ್ಣೆಯ ಹೆಚ್ಚಿನ ಕೊಬ್ಬಿನ ಅಣುಗಳ ಬಾಲ ನೇರವಾಗಿರುತ್ತವೆ. ಸೂರ್ಯಕಾಂತಿ ಎಣ್ಣೆಯ ಅಣುಗಳಲ್ಲಿ ಬಾಲ ಅಲ್ಲಲ್ಲಿ ಸೊಟ್ಟ. ಸೌದೆ ಒಟ್ಟಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನೇರ ಕಟ್ಟಿಗೆ ಒತ್ತೊತ್ತಾಗಿ ಕೂರುತ್ತವೆ, ರಾಶಿ ಅಲುಗುವುದಿಲ್ಲ. ಸೊಟ್ಟ ಕೊಂಬೆಗಳನ್ನು ಎಷ್ಟು ಜೋಡಿಸಿದರೂ ನಡುವೆ ಸಂದು ಉಳಿಯುತ್ತದೆ. ಒತ್ತಾಗಿ ಕೂತ ಅಣುಗಳ ಹಿಡಿತ ಬಿಗಿ. ಅವು ಸ್ವಲ್ಪ ಚಳಿಗೇ ಗಟ್ಟಿಯಾಗುತ್ತವೆ.

ಎಣ್ಣೆ, ತುಪ್ಪ ಇವೆಲ್ಲ ಹಲವು ಬಗೆಯ ಕೊಬ್ಬುಗಳ ಮಿಶ್ರಣ. ಅದಕ್ಕೇ ನೀರಿನ ಹಾಗೆ ಒಂದೇ ಗೆರೆಯಲ್ಲಿ ಟಕ್ ಅಂತ ಹೆಪ್ಪುಗಟ್ಟುವುದಿಲ್ಲ. ಮೊದಲು ಒಂದು ಬಗೆ, ಆಮೇಲೆ ಇನ್ನೊಂದು. ಬೆಣ್ಣೆ ಕಾಯಿಸಿ ಇಳಿಸಿದ ತುಪ್ಪವನ್ನು ನಿಧಾನವಾಗಿ ಆರಲು ಬಿಟ್ಟರೆ ಹರಳು ಹರಳಾಗುವುದೂ ಇದೇ ಕಾರಣಕ್ಕೆ. ಬೇಗ ಗಟ್ಟಿಯಾಗುವ ಕೊಬ್ಬಿಗೆ ಒಂದೆಡೆ ಸೇರಿ ಹರಳು ಕಟ್ಟಲು ಸಮಯ ಸಿಗುತ್ತದೆ. ಬಿಸಿ ತುಪ್ಪವನ್ನು ತಕ್ಷಣ ಫ್ರಿಜ್‌ಗಿಟ್ಟರೆ ಆ ಹರಳು ಬರುವುದಿಲ್ಲ, ನುಣ್ಣಗಾಗುತ್ತದೆ.

ಇನ್ನು ಕಲಬೆರಕೆಯ ಎರಡನೇ ಸಂದೇಶ. ಅದರಲ್ಲಿ ಅರ್ಧ ನಿಜವಿದೆ. ಫ್ರಿಜ್‌ನಲ್ಲಿ ಗಂಟೆಗಟ್ಟಲೆ ಇಟ್ಟ ಮೇಲೂ ಪೂರ್ತಿ ನೀರಾಗಿಯೇ ಇದ್ದರೆ, ಅಥವಾ ಮೇಲೊಂದು ಪದರ ದ್ರವವಾಗಿ ಉಳಿದರೆ ಅನುಮಾನ ಪಡಬಹುದು. ಆದರೆ ಗಟ್ಟಿಯಾಯಿತು ಎಂದ ಮಾತ್ರಕ್ಕೆ ಶುದ್ಧ ಎನ್ನಲಾಗದು. ತಾಳೆ ಎಣ್ಣೆಯೂ ಚಳಿಗೆ ಗಟ್ಟಿಯಾಗುತ್ತದೆ. ಗೊತ್ತಾಗಬೇಕಾದರೆ ಲ್ಯಾಬ್ ಪರೀಕ್ಷೆಯೇ ಬೇಕು. 'ಹೇರ್ ಆಯಿಲ್' ಎಂದು ಬರೆದ ಬಾಟಲಿಯಲ್ಲಿ ಬೇರೆ ಎಣ್ಣೆ ಬೆರೆತಿರಬಹುದು, ಅದು ಕಲಬೆರಕೆಯಲ್ಲ. ಲೇಬಲ್ ಓದಿ.

## ಬೆಟ್ಟದ ಮೇಲೆ ಕುದಿದರೂ ಬೇಯದ ಬೇಳೆ

ನೀರು 100 ಡಿಗ್ರಿಗೆ ಕುದಿಯುತ್ತದೆ ಎಂಬುದು ಸಮುದ್ರ ಮಟ್ಟದ ಮಾತು. ಕುದಿಯುವುದು ಎಂದರೆ ನೀರಿನ ಒಳಗೇ ಆವಿಯ ಗುಳ್ಳೆ ಎದ್ದು ಮೇಲೆ ಬರುವುದು. ಆ ಗುಳ್ಳೆ ಒಡೆದುಹೋಗದಂತೆ ನಿಲ್ಲಬೇಕಾದರೆ ಮೇಲಿನಿಂದ ಒತ್ತುವ ಗಾಳಿಯ ಭಾರವನ್ನು ತಡೆಯಬೇಕು. ಎತ್ತರಕ್ಕೆ ಹೋದಷ್ಟೂ ತಲೆ ಮೇಲಿನ ಗಾಳಿ ಕಡಿಮೆ, ಒತ್ತಡವೂ ಕಡಿಮೆ, ಗುಳ್ಳೆಗೆ ಕೆಲಸ ಸುಲಭ. ಸುಮಾರು 300 ಮೀಟರ್ ಏರಿದರೆ ಕುದಿಯುವ ತಾಪಮಾನ 1 ಡಿಗ್ರಿ ಇಳಿಯುತ್ತದೆ ಎಂದು ಲೆಕ್ಕ ಇಟ್ಟುಕೊಳ್ಳಬಹುದು.

ಚಿಕ್ಕಮಗಳೂರು ಪೇಟೆ ಸಮುದ್ರ ಮಟ್ಟದಿಂದ 1,000 ಮೀಟರ್‌ಗಿಂತ ಮೇಲಿದೆ. ಇಲ್ಲಿ ನೀರು ಕುದಿಯುವುದು 96–97 ಡಿಗ್ರಿಯಲ್ಲಿ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಅದರ ತುದಿಯಲ್ಲಿ 94 ಡಿಗ್ರಿ ಮುಟ್ಟುವಷ್ಟರಲ್ಲೇ ಕುದಿ ಬಂದಿರುತ್ತದೆ. ಅಲ್ಲಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸಲು ಹೋದರೆ ಮಂಗಳೂರಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಉರಿ ಜಾಸ್ತಿ ಮಾಡಿದರೂ ಪ್ರಯೋಜನ ಇಲ್ಲ, ಯಾಕೆಂದು ಈಗಾಗಲೇ ನೋಡಿದೆವು. ಹೆಚ್ಚುವರಿ ಶಾಖವೆಲ್ಲ ಆವಿ ಮಾಡಲು ಹೋಗುತ್ತದೆ, ತಾಪಮಾನಕ್ಕೆ ಸೇರುವುದಿಲ್ಲ.

ಕುಕ್ಕರ್ ಇದನ್ನೇ ತಿರುಗಿಸುತ್ತದೆ. ಆವಿಯನ್ನು ಒಳಗೇ ಕೂಡಿಹಾಕಿ ಒತ್ತಡ ಏರಿಸಿದರೆ ನೀರು ಕುದಿಯುವುದನ್ನು ಮುಂದಕ್ಕೆ ಹಾಕಿ ಸುಮಾರು 120 ಡಿಗ್ರಿವರೆಗೆ ಬಿಸಿಯಾಗುತ್ತದೆ. ಫ್ರಾನ್ಸ್‌ನ ಡೆನಿಸ್ ಪಾಪಿನ್ 1679ರಲ್ಲೇ ಮೂಳೆ ಮೆತ್ತಗಾಗಿಸಲು ಇಂಥ ಪಾತ್ರೆ ಮಾಡಿದ್ದ.

ಆವಿಯ ಬಗ್ಗೆ ಇನ್ನೊಂದು ಮಾತು, ಕಡುಬು ಬೇಯಿಸುವವರಿಗಾಗಿ. ಬಿಸಿ ನೀರು ಕೈ ಮೇಲೆ ಬಿದ್ದರೆ ಸುಡುತ್ತದೆ, ಮುಚ್ಚಳ ತೆಗೆದಾಗ ಹೊಡೆಯುವ ಆವಿ ಅದಕ್ಕಿಂತ ಕೆಟ್ಟದಾಗಿ ಸುಡುತ್ತದೆ. ಎರಡರದ್ದೂ ತಾಪಮಾನ ಹೆಚ್ಚುಕಡಿಮೆ ಒಂದೇ. ಆದರೆ ಆವಿ ಚರ್ಮಕ್ಕೆ ತಾಗಿ ನೀರಾಗುವಾಗ, ತಾನು ಆವಿಯಾಗುವಾಗ ತೆಗೆದುಕೊಂಡಿದ್ದ ಆ 540 ಕ್ಯಾಲರಿಯನ್ನು ಪ್ರತಿ ಗ್ರಾಂಗೆ ಅಲ್ಲೇ ವಾಪಸ್ ಕೊಡುತ್ತದೆ. ಕಡುಬು ಅಷ್ಟು ಚೆನ್ನಾಗಿ ಬೇಯುವುದೂ ಅದರಿಂದಲೇ.

## ಮಂಜು ಆವಿಯಲ್ಲ

ಗಿರಿಯ ಕಡೆ ಪ್ರವಾಸಕ್ಕೆ ಬಂದವರು ಮೋಡದೊಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಬಿಳಿ ಹೊಗೆಯಂಥದ್ದು ನೀರಾವಿ ಎಂದು ಬಹಳ ಜನರ ಎಣಿಕೆ. ಅಲ್ಲ. ನೀರಾವಿ ಕಣ್ಣಿಗೆ ಕಾಣುವುದೇ ಇಲ್ಲ. ಮಂಜು ಎಂದರೆ ತೇಲುತ್ತಿರುವ ನೀರಿನ ಹನಿಗಳು, ಅಂದರೆ ದ್ರವ. ಕುದಿಯುವ ಕೆಟಲ್‌ನ ಮೂತಿಯನ್ನು ಹತ್ತಿರದಿಂದ ನೋಡಿ. ಮೂತಿಗೆ ತಾಗಿದಂತೆ ಒಂದು ಬೆರಳಷ್ಟು ಜಾಗ ಖಾಲಿ ಕಾಣುತ್ತದೆ, ಆಮೇಲೆ ಬಿಳಿ ಶುರುವಾಗುತ್ತದೆ. ಆ ಖಾಲಿ ಜಾಗವೇ ನಿಜವಾದ ಆವಿ. ಬೆರಳು ಇಟ್ಟು ಪರೀಕ್ಷೆ ಮಾಡಬೇಡಿ.

ಗಾಳಿ ಬೆಚ್ಚಗಿದ್ದಷ್ಟೂ ಹೆಚ್ಚು ನೀರಾವಿ ಹೊರಬಲ್ಲದು. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 30 ಗ್ರಾಂ ನೀರಾವಿ ಇರಬಹುದು. 20 ಡಿಗ್ರಿಗೆ ಇಳಿದರೆ 17 ಗ್ರಾಂ, 10 ಡಿಗ್ರಿಗೆ 9 ಗ್ರಾಂ ಚಿಲ್ಲರೆ. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿ ಘಟ್ಟ ಏರುವಾಗ ಹಿಗ್ಗಿ ತಣ್ಣಗಾಗುತ್ತದೆ. ಹೊರಲಾರದ ಆವಿಯನ್ನು ಹನಿಯಾಗಿ ಬಿಟ್ಟುಬಿಡುತ್ತದೆ. ಚಾರ್ಮಾಡಿ, ಕುದುರೆಮುಖದ ಕಡೆ ಮಳೆ ಸುರಿಸಿದ ಅದೇ ಗಾಳಿ ಬೆಟ್ಟ ದಾಟಿ ಕಡೂರಿನ ಕಡೆ ಇಳಿಯುವಾಗ ಮತ್ತೆ ಬೆಚ್ಚಗಾಗಿ ಒಣಗಿರುತ್ತದೆ. ಒಂದೇ ಜಿಲ್ಲೆಯಲ್ಲಿ ಆ ತುದಿಗೆ ಅಡಿಕೆ ಕೊಳೆರೋಗ, ಈ ತುದಿಗೆ ಬರ. ಅನಿಲ ದ್ರವವಾಗುವ ಈ ಕ್ರಿಯೆಗೆ ಪುಸ್ತಕದಲ್ಲಿ ಸಾಂದ್ರೀಕರಣ ಎನ್ನುತ್ತಾರೆ.

ಇನ್ನು ಆಲಿಕಲ್ಲು. ಚಳಿಗಾಲದಲ್ಲಿ ಬೀಳದ ಮಂಜುಗಡ್ಡೆ ಮಾರ್ಚ್–ಏಪ್ರಿಲ್‌ನ ಸೆಕೆಯಲ್ಲಿ, ಕಾಫಿ ಹೂ ಅರಳಿಸುವ ಹೂಮಳೆಯ ಜೊತೆ ಬೀಳುವುದೇಕೆ? ನೆಲ ಕಾದಾಗ ಬಿಸಿ ಗಾಳಿ ರಭಸದಿಂದ ಮೇಲೇಳುತ್ತದೆ. ನಮ್ಮ ಕಡೆ ಸುಮಾರು 5 ಕಿಲೋಮೀಟರ್ ಎತ್ತರ ದಾಟಿದರೆ ಬೇಸಿಗೆಯಲ್ಲೂ ಸೊನ್ನೆಗಿಂತ ಕಡಿಮೆ. ಗಾಳಿ ಹನಿಗಳನ್ನು ಅಲ್ಲಿಗೆ ಎಸೆಯುತ್ತದೆ, ಅವು ಹೆಪ್ಪುಗಟ್ಟುತ್ತವೆ. ಅಲ್ಲೇ ತೇಲಾಡುತ್ತಾ ಮೈಮೇಲೆ ಇನ್ನಷ್ಟು ನೀರು ಹತ್ತಿಸಿಕೊಂಡು ದಪ್ಪಗಾಗುತ್ತವೆ, ಗಾಳಿ ಹೊರಲಾರದಾದಾಗ ಬೀಳುತ್ತವೆ. ಡಿಸೆಂಬರ್‌ನಲ್ಲಿ ಅಷ್ಟು ಜೋರಾಗಿ ಮೇಲೆತ್ತುವ ಗಾಳಿ ಇಲ್ಲ. ಹಾಗಾದರೆ 30 ಡಿಗ್ರಿಯ ಗಾಳಿಯಲ್ಲಿ ಬರುತ್ತಾ ಅವು ಯಾಕೆ ಕರಗಿಹೋಗುವುದಿಲ್ಲ? ಇಲ್ಲಿ ಬಂತು ನೋಡಿ 80. ಪ್ರತಿ ಗ್ರಾಂ ಕರಗಿಸಲು ಅಷ್ಟು ಶಾಖ ಬೇಕು. ಬೀಳುವ ಕೆಲವು ನಿಮಿಷಗಳಲ್ಲಿ ಚಿಕ್ಕವು ಕರಗಿ ದಪ್ಪ ಹನಿಯಾಗುತ್ತವೆ, ದೊಡ್ಡವು ಹೆಂಚಿನ ಮೇಲೆ ತಟತಟ ಎನ್ನುತ್ತವೆ.

## ಬೆವರುವ ಸಿಲಿಂಡರ್

ಬೆಳಗಿನ ತಿಂಡಿಯ ಹೊತ್ತಿಗೆ ಯಾವುದಾದರೂ ಹೋಟೆಲ್‌ನ ಹಿಂಬದಿ ಇಣುಕಿ. 19 ಕೆಜಿಯ ಗ್ಯಾಸ್ ಸಿಲಿಂಡರ್‌ನ ಕೆಳಭಾಗ ಒದ್ದೆಯಾಗಿರುತ್ತದೆ. ಕೆಲವೊಮ್ಮೆ ಬಿಳಿ ಹಿಮದ ಪುಡಿಯೇ ಕೂತಿರುತ್ತದೆ. ಪಕ್ಕದಲ್ಲೇ ದೋಸೆ ಕಾವಲಿ ಧಗಧಗ, ಸಿಲಿಂಡರ್ ಮಾತ್ರ ಮಂಜುಗಡ್ಡೆ.

ಸಿಲಿಂಡರ್‌ನಲ್ಲಿ ಒತ್ತಡದಿಂದ ದ್ರವವಾಗಿರುವುದು ಪ್ರೊಪೇನ್ ಮತ್ತು ಬ್ಯುಟೇನ್. ಒತ್ತಡ ಇಲ್ಲದಿದ್ದರೆ ಪ್ರೊಪೇನ್ −42 ಡಿಗ್ರಿಯಲ್ಲೇ ಕುದಿಯುತ್ತದೆ, ಬ್ಯುಟೇನ್ ಸೊನ್ನೆಗೆ ಅರ್ಧ ಡಿಗ್ರಿ ಕೆಳಗೆ. ನಾವು ವಾಲ್ವ್ ತಿರುಗಿಸಿದಾಗ ಒಳಗಿನ ದ್ರವ ಕುದಿದು ಅನಿಲವಾಗುತ್ತದೆ. ಅದಕ್ಕೆ ಬೇಕಾದ ಶಾಖ ಎಲ್ಲಿಂದ ಬರಬೇಕು? ಕೆಳಗೆ ಒಲೆ ಇಲ್ಲ. ಹಾಗಾಗಿ ತನ್ನದೇ ಮೈಯಿಂದ, ಸಿಲಿಂಡರ್‌ನ ಲೋಹದಿಂದ, ಸುತ್ತಲ ಗಾಳಿಯಿಂದ ಕಿತ್ತುಕೊಳ್ಳುತ್ತದೆ. ಲೋಹ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಹನಿಯಾಗಿ ಕೂರುತ್ತದೆ, ಇನ್ನೂ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಒದ್ದೆಯ ಗೆರೆ ಎಲ್ಲಿಯವರೆಗಿದೆಯೋ ಹೆಚ್ಚುಕಡಿಮೆ ಅಲ್ಲಿಯವರೆಗೆ ಗ್ಯಾಸ್ ಉಳಿದಿದೆ.

ಮನೆಯ 14.2 ಕೆಜಿ ಸಿಲಿಂಡರ್‌ನಲ್ಲಿ ನಾವು ನಿಧಾನವಾಗಿ ಗ್ಯಾಸ್ ತೆಗೆಯುವುದರಿಂದ ಇದು ಅಷ್ಟು ಕಾಣುವುದಿಲ್ಲ. ಆದರೂ ಚಳಿಗಾಲದ ಬೆಳಿಗ್ಗೆ ಉರಿ ಸಣ್ಣಗಾಗಿ, ಗ್ಯಾಸ್ ಮುಗಿಯಿತೇನೋ ಎನಿಸುವುದುಂಟು. ಒಳಗೆ ದ್ರವ ಇರುತ್ತದೆ, ಬೇಗ ಅನಿಲವಾಗಲು ಶಾಖ ಸಾಲದಷ್ಟೆ. ಅದಕ್ಕೆಂದು ಸಿಲಿಂಡರ್ ಅನ್ನು ಬಿಸಿ ನೀರಲ್ಲಿ ಇಡುವುದು, ಒಲೆ ಹತ್ತಿರ ತರುವುದು ಖಂಡಿತ ಬೇಡ. ಒಳಗಿನ ಒತ್ತಡ ಏರಿ ಅನಾಹುತ ಆದೀತು.

ಮಡಕೆ ನೀರು ತಣ್ಣಗಿರುವುದು, ಜ್ವರಕ್ಕೆ ಒದ್ದೆ ಬಟ್ಟೆ ಹಾಕುವುದು, ಇಂಜೆಕ್ಷನ್‌ಗೆ ಮುಂಚೆ ಸ್ಪಿರಿಟ್ ಸವರಿದಾಗ ತಣ್ಣಗೆನ್ನಿಸುವುದು, ಎಲ್ಲವೂ ಇದೇ ಲೆಕ್ಕ. ಫ್ರಿಜ್ ಕೂಡ ಒಳಗೆ ದ್ರವವನ್ನು ಆವಿ ಮಾಡಿ ಶಾಖ ಹೀರಿ, ಹಿಂದೆ ಅದೇ ಆವಿಯನ್ನು ಒತ್ತಿ ದ್ರವ ಮಾಡಿ ಶಾಖ ಹೊರಗೆ ಹಾಕುತ್ತದೆ. ಅದರ ಹಿಂಬದಿ ಮುಟ್ಟಿದರೆ ಬಿಸಿ ಇರುವುದು ಅದಕ್ಕೇ.

## ಈ ಮೂರರ ಆಚೆ

ಕೆಲವು ವಸ್ತುಗಳು ದ್ರವವಾಗುವ ಗೋಜಿಗೇ ಹೋಗದೆ ಘನದಿಂದ ನೇರ ಅನಿಲವಾಗುತ್ತವೆ. ಡಬ್ಬಿಯ ಮುಚ್ಚಳ ಸಡಿಲವಿದ್ದರೆ ಕರ್ಪೂರ ಕಿರಿದಾಗುತ್ತಾ ಹೋಗುವುದು, ಬೀರುವಿನ ನುಸಿ ಗುಳಿಗೆ ಸವೆಯುವುದು ಹೀಗೆ. ಇದಕ್ಕೆ ಉತ್ಪತನ ಎಂದು ಹೆಸರು.

ಅನಿಲವನ್ನು ಇನ್ನೂ ಸಾವಿರಾರು ಡಿಗ್ರಿ ಕಾಯಿಸಿದರೆ ಪರಮಾಣುಗಳೇ ಒಡೆದು ಎಲೆಕ್ಟ್ರಾನ್‌ಗಳು ಬೇರೆಯಾಗುತ್ತವೆ. ಅದು ಪ್ಲಾಸ್ಮಾ. ಸೂರ್ಯ ಪೂರ್ತಿ ಪ್ಲಾಸ್ಮಾ, ಸಿಡಿಲಿನ ಗೆರೆಯೂ ಪ್ಲಾಸ್ಮಾ. ಎಷ್ಟು ಬಿಸಿಗೆ ಎಷ್ಟು ಪರಮಾಣು ಹೀಗೆ ಒಡೆಯುತ್ತವೆ ಎಂಬ ಸೂತ್ರ ಕೊಟ್ಟದ್ದು ನಮ್ಮ ಮೇಘನಾದ ಸಹಾ, 1920ರಲ್ಲಿ. ಇನ್ನೊಂದು ತುದಿಯಲ್ಲಿ, ಯಾವ ವಸ್ತುವನ್ನೂ −273.15 ಡಿಗ್ರಿಗಿಂತ ತಣ್ಣಗೆ ಮಾಡಲಾಗದು. ಆ ಗೆರೆಯ ತೀರಾ ಹತ್ತಿರ ಕೆಲವು ಬಗೆಯ ಪರಮಾಣುಗಳು ತಮ್ಮ ಗುರುತು ಕಳೆದುಕೊಂಡು ಒಂದೇ ಪರಮಾಣುವಿನಂತೆ ವರ್ತಿಸುತ್ತವೆ. ಸತ್ಯೇಂದ್ರನಾಥ ಬೋಸರ 1924ರ ಕೆಲಸವನ್ನು ಐನ್‌ಸ್ಟೈನ್ ಮುಂದುವರಿಸಿ ಹೇಳಿದ ಈ ಸ್ಥಿತಿಯನ್ನು ಪ್ರಯೋಗಾಲಯದಲ್ಲಿ ಮಾಡಿ ತೋರಿಸಲು 1995ರವರೆಗೆ ಕಾಯಬೇಕಾಯಿತು.

ನಿತ್ಯದ ಬದುಕಿಗೆ ಹತ್ತಿರದ್ದು ಬೇಕಾದರೆ 2021ರ ಆಕ್ಸಿಜನ್ ಟ್ಯಾಂಕರ್‌ಗಳು ನೆನಪಿವೆಯಲ್ಲ? ಆಮ್ಲಜನಕವನ್ನು −183 ಡಿಗ್ರಿಗೆ ತಣಿಸಿದರೆ ತಿಳಿ ನೀಲಿ ದ್ರವವಾಗುತ್ತದೆ. 1 ಲೀಟರ್ ದ್ರವ ಮತ್ತೆ ಅನಿಲವಾದರೆ ಸುಮಾರು 860 ಲೀಟರ್. ಸಾಗಿಸಲು ಅದಕ್ಕಿಂತ ಒಳ್ಳೆ ದಾರಿ ಇಲ್ಲ. ಪಕ್ಕದ ಹಾಸನದಲ್ಲಿ ಕುಳಿತು ಇಸ್ರೋದವರು ನೋಡಿಕೊಳ್ಳುವ ಉಪಗ್ರಹಗಳಲ್ಲಿ ಎಷ್ಟೋ ಮೇಲೆ ಹೋಗಿದ್ದು ಇಂಥ ದ್ರವ ಆಮ್ಲಜನಕ, −253 ಡಿಗ್ರಿಯ ದ್ರವ ಜಲಜನಕ ತುಂಬಿದ ರಾಕೆಟ್‌ಗಳಲ್ಲೇ.

## ಕಣದಲ್ಲಿ ನಡೆಯುವ ಲೆಕ್ಕ

ಈಗ ರೈಟರ್ ಅವರ ಪ್ರಶ್ನೆಗೆ ಬರೋಣ. ಬಿಸಿಲಿದ್ದರೂ ಕಾಫಿ ಯಾಕೆ ಒಣಗುವುದಿಲ್ಲ?

ಕಣದಲ್ಲಿ ನೀರು ಕುದಿಯುವುದಿಲ್ಲ, ಆರುತ್ತದೆ. ಎರಡೂ ಬೇರೆ. ಕುದಿಯುವುದು ಒಂದು ನಿರ್ದಿಷ್ಟ ತಾಪಮಾನದಲ್ಲಿ, ದ್ರವದ ಎಲ್ಲ ಕಡೆಯಿಂದ. ಆರುವುದು ಯಾವ ತಾಪಮಾನದಲ್ಲಾದರೂ, ಮೇಲ್ಮೈಯಿಂದ ಮಾತ್ರ. ಅಣುಗಳೆಲ್ಲ ಒಂದೇ ವೇಗದಲ್ಲಿ ಇರುವುದಿಲ್ಲ. ಮೇಲ್ಮೈಯಲ್ಲಿರುವ ಚುರುಕಾದವು ಹಿಡಿತ ಬಿಡಿಸಿಕೊಂಡು ಹಾರಿಹೋಗುತ್ತವೆ. ಉಳಿದವು ನಿಧಾನದವು, ಹಾಗಾಗಿ ಉಳಿದದ್ದು ತಣ್ಣಗಾಗುತ್ತದೆ. ಬಿಸಿಲು ಅದಕ್ಕೆ ಮತ್ತೆ ಶಾಖ ಕೊಡುತ್ತಿರಬೇಕು.

ಎಷ್ಟು ಶಾಖ? 100 ಕೆಜಿ ಕಾಫಿ ಹಣ್ಣನ್ನು ಸಿಪ್ಪೆ ಸಮೇತ ಚೆರಿಯಾಗಿ ಒಣಗಿಸುತ್ತೇವೆ ಎಂದುಕೊಳ್ಳಿ. ಅದರಲ್ಲಿ ಸುಮಾರು 65 ಕೆಜಿ ನೀರೇ. ತೇವಾಂಶ ಶೇಕಡ 11ಕ್ಕೆ ಇಳಿಯುವಷ್ಟರಲ್ಲಿ ತೂಕ 39 ಕೆಜಿ ಆಗುತ್ತದೆ, ಅಂದರೆ 60 ಕೆಜಿಯಷ್ಟು ನೀರು ಹೋಗಬೇಕು. ಅಷ್ಟು ನೀರನ್ನು ಆವಿ ಮಾಡಲು ಬೇಕಾದ ಶಾಖವನ್ನು ಕರೆಂಟ್ ಲೆಕ್ಕದಲ್ಲಿ ಹೇಳಿದರೆ ಸುಮಾರು 40 ಯೂನಿಟ್. 2,000 ವಾಟ್‌ನ ಗೀಸರ್ ಅನ್ನು 20 ಗಂಟೆ ಬಿಡದೆ ಉರಿಸಿದಷ್ಟು. ನೂರು ಕೆಜಿಗೆ ಇಷ್ಟಾದರೆ ಒಂದು ತೋಟದ ಇಡೀ ಫಸಲಿಗೆ ಎಷ್ಟು? ಸೂರ್ಯ ಬಿಲ್ ಕಳಿಸುವುದಿಲ್ಲ, ಅದೊಂದು ಪುಣ್ಯ.

ಶಾಖ ಇದ್ದರೂ ಸಾಲದು. ಹಾರಿಹೋದ ಆವಿಗೆ ಗಾಳಿಯಲ್ಲಿ ಜಾಗ ಇರಬೇಕು. ಮಂಜು ಮುಸುಕಿದ ಬೆಳಿಗ್ಗೆ ಗಾಳಿ ಆಗಲೇ ತುಂಬಿಹೋಗಿರುತ್ತದೆ. ಎಷ್ಟು ಅಣು ಹಾರುತ್ತವೋ ಅಷ್ಟೇ ವಾಪಸ್ ಬಂದು ಕೂರುತ್ತವೆ. ಮಂಜು ಕರಗಿ ಗಾಳಿ ಬೆಚ್ಚಗಾಗುವವರೆಗೆ ಕಾಫಿ ಹರವಿದರೂ ಒಂದೇ, ಬಿಟ್ಟರೂ ಒಂದೇ. ಬಿಸಿಲಿದ್ದು ಗಾಳಿ ಆಡದಿದ್ದರೂ ಕಷ್ಟ. ಕಾಳಿನ ಸುತ್ತ ತೇವದ ಗಾಳಿಯೇ ನಿಂತಿರುತ್ತದೆ.

ನಾನು ಹೋಗಿ ನೋಡಿದಾಗ ಅವರ ಕಣದಲ್ಲಿ ಕಾಫಿ ದಪ್ಪಗೆ ಬಿದ್ದಿತ್ತು. ಒಮ್ಮೆಗೇ ಕುಯ್ಲು ಜಾಸ್ತಿ ಬಂದು ಜಾಗ ಸಾಲದೆ ಹಾಗಾಗಿತ್ತು. ಕೈ ಹಾಕಿದರೆ ಮೇಲಿನ ಪದರ ಗರಗರ, ಕೆಳಗೆ ತಣ್ಣಗೆ ಅಂಟಂಟು. ಮೇಲ್ಮೈ ಇದ್ದಷ್ಟೇ ಆರುವುದು ಎಂದೆನಲ್ಲ, ಅದು ಇದೇ. ತೆಳ್ಳಗೆ ಹರವಿ, ಗಂಟೆಗೊಮ್ಮೆಯಾದರೂ ತಿರುವಿ ಹಾಕಿದರೆ ಪ್ರತಿ ಹಣ್ಣಿಗೂ ಮೇಲೆ ಬರುವ ಸರದಿ ಸಿಗುತ್ತದೆ. ಇನ್ನೊಂದು ತೊಡಕು, ಹಣ್ಣಿನ ಒಳಗಿನ ನೀರು ಮೊದಲು ಹೊರಗಿನ ಸಿಪ್ಪೆಗೆ ಬರಬೇಕು. ಮೊದಲ ದಿನಗಳಲ್ಲಿ ಬೇಗ ಒಣಗಿದಂತೆ ಕಂಡು, ಆಮೇಲೆ ದಿನ ಎಳೆಯುವುದು ಈ ಕಾರಣಕ್ಕೆ. ಅಲ್ಲಿ ಅವಸರ ನಡೆಯದು.

ಸಂಜೆಯ ಕೆಲಸ ಇನ್ನೂ ಮುಖ್ಯ. ರಾತ್ರಿ ನೆಲ ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ, ಹಗಲು ಹೊತ್ತುಕೊಂಡಿದ್ದ ಆವಿಯನ್ನು ಇಬ್ಬನಿಯಾಗಿ ಇಳಿಸುತ್ತದೆ. ಹಗಲೆಲ್ಲ ಕಷ್ಟಪಟ್ಟು ಕಳಿಸಿದ ನೀರು ರಾತ್ರಿ ಸದ್ದಿಲ್ಲದೆ ಮನೆಗೆ ವಾಪಸ್! ಅದಕ್ಕೇ ಬಿಸಿಲಿಳಿಯುವ ಮೊದಲೇ ಕಾಫಿಯನ್ನು ರಾಶಿ ಮಾಡಿ ಟಾರ್ಪಲ್ ಹೊದಿಸುತ್ತಾರೆ.

ಮಾರನೇ ಬೆಳಿಗ್ಗೆ ಟಾರ್ಪಲ್ ಮೇಲಿನ ಗುಳಿಗಳಲ್ಲಿ ಇಬ್ಬನಿ ನೀರು ನಿಂತಿತ್ತು. ಒಬ್ಬ ಹುಡುಗ ಒಂದು ತುದಿ ಹಿಡಿದು ಎಳೆಯಲು ಹೋದ. "ಲೋ, ತಡಿ ತಡಿ" ಎಂದು ರೈಟರ್ ಓಡಿದರು. ಅದರಲ್ಲಿ ಒಂದು ಲೀಟರ್ ನೀರು ರಾಶಿ ಮೇಲೆ ಚೆಲ್ಲಿದರೂ ಅದನ್ನು ಮತ್ತೆ ಓಡಿಸಲು ಒಂದು ಯೂನಿಟ್‌ನ ಮೂರನೇ ಎರಡು ಭಾಗದಷ್ಟು ಬಿಸಿಲು ಬೇಕು. ಇಬ್ಬರೂ ಎರಡೆರಡು ಮೂಲೆ ಹಿಡಿದು ಟಾರ್ಪಲ್ ಅನ್ನು ತೊಟ್ಟಿಲಿನ ಹಾಗೆ ಎತ್ತಿಕೊಂಡು ಕಣದ ಅಂಚಿಗೆ ನಡೆದು, ನೀರನ್ನು ಸಿಲ್ವರ್ ಮರದ ಬುಡಕ್ಕೆ ಸುರಿದರು.